ತಾಳ ತಪ್ಪಿದ ಹೃದಯಕ್ಕೆ ಕಿರಣಚಿಕಿತ್ಸೆ

ವಿಕಿರಣದಿಂದ ರೋಗವನ್ನು ಗುಣಪಡಿಸುವ ವೈದ್ಯರು ಬಹುಕಾಲದ ಅನುಭವದಿಂದ ಕಲಿತ ಪಾಠಗಳಲ್ಲಿ ಅತ್ಯಂತ ಕಠಿನವಾದುದೊಂದೆಂದರೆ, ಎದೆಯೊಳಗಿನ ಕ್ಯಾನ್ಸರ್ ಗೆಡ್ಡೆಗೆ ಕಿರಣವನ್ನು ಹಾಯಿಸುವಾಗ ಪಕ್ಕದಲ್ಲಿಯೇ ಮಿಡಿಯುತ್ತಿರುವ ಹೃದಯವನ್ನು ಸಾಧ್ಯವಾದಷ್ಟೂ ಆ ಕಿರಣದ ಹಾದಿಯಿಂದ ತಪ್ಪಿಸಬೇಕೆಂಬುದು. ಎಡಸ್ತನದ ಕ್ಯಾನ್ಸರಿನಿಂದ ಪಾರಾದ ಸ್ತ್ರೀಯರಲ್ಲಿ ಕೆಲವರು ಹತ್ತು ಹದಿನೈದು ವರ್ಷಗಳ ತರುವಾಯ ಹೃದ್ರೋಗಕ್ಕೆ ತುತ್ತಾಗುವುದನ್ನು ಕಂಡವರು ಈ ಎಚ್ಚರಿಕೆಯ ಅರ್ಥವನ್ನು ಬಲ್ಲರು. ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳ ಸ್ತ್ರೀಯರನ್ನು ಕುರಿತು 2013ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವಂತೂ, ಹೃದಯಕ್ಕೆ ತಗಲುವ ಸರಾಸರಿ ವಿಕಿರಣ ಒಂದು ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದಷ್ಟು ಹೆಚ್ಚಿದಂತೆಲ್ಲ ಹೃದಯಧಮನಿಗಳ ಗಂಭೀರ ವ್ಯಾಧಿಯ ಸಂಭವವು ಶೇಕಡಾ 7.4ರಂತೆ ಏರುತ್ತ ಹೋಗುವುದೆಂದು ಲೆಕ್ಕಹಾಕಿ ತೋರಿಸಿತು. ಹೀಗಿರುವಾಗ, ಅದೇ ಹೃದಯದ ಒಂದು ಭಾಗವನ್ನು ಬುದ್ಧಿಪೂರ್ವಕವಾಗಿ ಗುರಿಮಾಡಿಕೊಂಡು, ಒಂದೇ ಸಲಕ್ಕೆ 25 ಗ್ರೇಗಳಷ್ಟು ವಿಕಿರಣವನ್ನು ಅಲ್ಲಿಗೆ ಹಾಯಿಸುವ ವೈದ್ಯರು ಹುಟ್ಟಿಕೊಂಡಿದ್ದಾರೆಂದರೆ, ಮತ್ತು ಆ ಸಾಹಸದಿಂದ ಸಾವಿನಂಚಿನಲ್ಲಿದ್ದ ಕೆಲವರು ಎದ್ದು ಮನೆಗೆ ನಡೆದುಹೋಗಿದ್ದಾರೆಂದರೆ, ಅದು ಸಾಮಾನ್ಯ ಓದುಗರೂ ತಿಳಿಯತಕ್ಕ ಸಂಗತಿಯೇ ಸರಿ.

ಇದನ್ನು ಅರಿಯಲು ಮೊದಲು ಹೃದಯದ ವಿದ್ಯುತ್ತನ್ನು ಅರಿಯಬೇಕು. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಈ ಅವಯವಕ್ಕೆ ಮಿಡಿಯೆಂದು ಅಪ್ಪಣೆ ಕೊಡುವುದು ಮೆದುಳಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಅಡಗಿರುವ, 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು ಗುರುತಿಸಿದ, ಒಂದು ಚಿಕ್ಕ ಜೀವಕೋಶಸಮೂಹವು ತನ್ನಷ್ಟಕ್ಕೆ ತಾನೇ ವಿದ್ಯುತ್ಸ್ಪಂದವನ್ನು ಹೊಮ್ಮಿಸುತ್ತದೆ. ಆ ಸ್ಪಂದವು ಎರಡು ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಗಂಟಿನಲ್ಲಿ ಕ್ಷಣಕಾಲ ತಡೆದು, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದು, ಅವುಗಳ ದಪ್ಪನಾದ ಸ್ನಾಯುವನ್ನು ಏಕಕಾಲಕ್ಕೆ ಸಂಕುಚಿತಗೊಳಿಸುತ್ತದೆ. ಕೋಶದಿಂದ ಕೋಶಕ್ಕೆ ಈ ಸ್ಪಂದವು ಅಡೆತಡೆಯಿಲ್ಲದೆ ಸಾಗುವವರೆಗೆ ನಮಗೆ ಹೃದಯವೆಂಬುದೊಂದು ಇದೆಯೆಂಬ ನೆನಪೂ ಬರುವುದಿಲ್ಲ.

ಆದರೆ ಹೃದಯಾಘಾತದಲ್ಲಿ ರಕ್ತವಿಲ್ಲದೆ ಸ್ನಾಯುವಿನ ಒಂದು ಭಾಗ ಸತ್ತು, ಆ ಸ್ಥಳದಲ್ಲಿ ನಾರುಗಟ್ಟಿದ ಗಾಯದ ಕಲೆಯೊಂದು ಉಳಿದರೆ, ಅಲ್ಲಿಗೆ ತೊಡಕು ಆರಂಭವಾಗುತ್ತದೆ. ಆ ಕಲೆಯು ಪೂರ್ತಿಯಾಗಿ ನಿರ್ಜೀವವಾಗಿದ್ದಲ್ಲಿ ಹಾನಿ ಇಷ್ಟಾಗುತ್ತಿರಲಿಲ್ಲ. ಅದರ ಒಳಗೆ ಅಲ್ಲಲ್ಲಿ ಬದುಕುಳಿದ ಸ್ನಾಯುವಿನ ತೆಳ್ಳನೆಯ ಎಳೆಗಳು ಹಾದುಹೋಗಿರುತ್ತವೆ, ಮತ್ತು ಈ ಎಳೆಗಳಲ್ಲಿ ವಿದ್ಯುತ್ತು ಬಲು ನಿಧಾನವಾಗಿ ತೆವಳುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ತಡವಾಗಿ ಹರಿದುಬಂದ ನೀರು, ಮುಂದಿನ ಗದ್ದೆ ಆಗಲೇ ಒಣಗಿರುವುದರಿಂದ ಅಲ್ಲಿಗೆ ಮತ್ತೆ ನುಗ್ಗುವಂತೆ, ಕಲೆಯ ಒಳಗಿನಿಂದ ತಡವಾಗಿ ಹೊರಬಿದ್ದ ಸ್ಪಂದವು, ಆ ವೇಳೆಗೆ ವಿಶ್ರಾಂತಿ ಪಡೆದು ಮತ್ತೊಂದು ಪ್ರಚೋದನೆಗೆ ಸಿದ್ಧವಾಗಿರುವ ನೆರೆಯ ಸ್ನಾಯುವನ್ನು ಕೆರಳಿಸುತ್ತದೆ. ಕೆರಳಿದ ಸ್ನಾಯುವಿನಿಂದ ಸ್ಪಂದವು ಪುನಃ ಕಲೆಯೊಳಕ್ಕೆ ಹೊಕ್ಕು, ಪುನಃ ಹೊರಬಿದ್ದು, ಕೊನೆಯಿಲ್ಲದ ಪ್ರದಕ್ಷಿಣೆಯನ್ನು ಹಿಡಿಯುತ್ತದೆ. ಆಗ ಮೇಲಿನ ಕೇಂದ್ರದ ಅಪ್ಪಣೆಯನ್ನು ಕೇಳುವವರಿಲ್ಲ. ಹೃತ್ಕುಕ್ಷಿಗಳು ನಿಮಿಷಕ್ಕೆ ನೂರೈವತ್ತು, ಇನ್ನೂರು ಸಲ ಬಡಿದುಕೊಳ್ಳತೊಡಗಿ, ರಕ್ತವನ್ನು ತುಂಬಿಕೊಳ್ಳುವುದಕ್ಕೂ ಬಿಡುವಿಲ್ಲದೆ ಬರಿದಾಗಿ ಹಿಂಡಿಕೊಳ್ಳುತ್ತವೆ. ವೈದ್ಯರು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎಂದೂ, ಆಸ್ಪತ್ರೆಯ ಆಡುಮಾತಿನಲ್ಲಿ ವಿ.ಟಿ. ಎಂದೂ ಕರೆಯುವ ಈ ವಿಕಾರವು ಇನ್ನೂ ಒಂದು ಹೆಜ್ಜೆ ಕೆಟ್ಟು ಹೃತ್ಕುಕ್ಷಿಯ ಬರಿಯ ಕಂಪನಕ್ಕೆ ತಿರುಗಿತೆಂದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಈ ಮೃತ್ಯುವನ್ನು ತಡೆಯಲು ಮಾಡಿದ ಪ್ರಯತ್ನಗಳಲ್ಲಿ ಮಿಷೆಲ್ ಮಿರೋವ್ಸ್ಕಿಯ ಕಾರ್ಯ ಸ್ಮರಣೀಯವಾದುದು. ವಾರ್ಸಾದಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ವೃತ್ತಿ ನಡೆಸುತ್ತಿದ್ದ ಈ ವೈದ್ಯನು, ತನ್ನ ಗುರುವೂ ಹಿರಿಯ ಸಹೋದ್ಯೋಗಿಯೂ ಆಗಿದ್ದ ಹ್ಯಾರಿ ಹೆಲ್ಲರನನ್ನು ಇದೇ ವ್ಯಾಧಿಗೆ ಕಳೆದುಕೊಂಡಮೇಲೆ, ಹೃದಯಕ್ಕೆ ವಿದ್ಯುದಾಘಾತ ಕೊಡುವ ಆಸ್ಪತ್ರೆಯ ದೊಡ್ಡ ಡಿಫಿಬ್ರಿಲೇಟರ್ ಯಂತ್ರವನ್ನು ರೋಗಿಯ ಶರೀರದೊಳಗೇ ಹುದುಗಿಸುವಷ್ಟು ಚಿಕ್ಕದಾಗಿ ಮಾಡಬೇಕೆಂಬ ಛಲವನ್ನು ತೊಟ್ಟನು. ಬಲ್ಲವರನೇಕರು ಅಸಾಧ್ಯವೆಂದು ತಲೆಯಾಡಿಸಿದರೂ ಬಿಡದೆ, 1980ರ ಫೆಬ್ರವರಿಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅಂಥ ಯಂತ್ರವನ್ನು ಮೊದಲ ರೋಗಿಯ ಶರೀರದಲ್ಲಿ ಇರಿಸುವಂತೆ ಮಾಡಿದನು. ಇಂದು ಐ.ಸಿ.ಡಿ. ಎಂದು ಕರೆಯಲ್ಪಡುವ ಆ ಯಂತ್ರವು ಲಕ್ಷಾಂತರ ಮಂದಿಯ ಪ್ರಾಣವನ್ನು ಕಾಯುತ್ತಿದೆ. ಆದರೂ ಅದು ರೋಗವನ್ನು ಗುಣಪಡಿಸುವುದಿಲ್ಲ. ರೋಗವು ಎರಗಿದಾಗಲೆಲ್ಲ ಹೃದಯವನ್ನು ಹದಕ್ಕೆ ತರುತ್ತದೆ, ಅಷ್ಟೆ. ವಿ.ಟಿ. ಮರುಕಳಿಸಿದಂತೆಲ್ಲ ಯಂತ್ರವು ಮರಳಿ ಮರಳಿ ವಿದ್ಯುದಾಘಾತವನ್ನು ಕೊಡುತ್ತದೆ, ಮತ್ತು ಅನೇಕ ವೇಳೆ ರೋಗಿ ಪೂರ್ಣ ಎಚ್ಚರದಲ್ಲಿರುವಾಗಲೇ ಕೊಡುತ್ತದೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಸಲ ಹೀಗಾದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ವಿದ್ಯುತ್ ಬಿರುಗಾಳಿಯೆಂದೇ ಹೆಸರು. ಮುಂದಿನ ಹೊಡೆತ ಯಾವ ಗಳಿಗೆಯಲ್ಲಿ ಬಂದೀತೆಂದು ಕಾಯುತ್ತ, ಊಟಕ್ಕೆ ಕುಳಿತಾಗಲೂ ಮೆಟ್ಟಿಲು ಹತ್ತುವಾಗಲೂ ಅಂಜುತ್ತ ಬದುಕುವವರ ಮನೋವ್ಯಥೆಯನ್ನು ಹೃದಯದ ಲೆಕ್ಕಪತ್ರಗಳು ತೋರಿಸಲಾರವು.

ಔಷಧಗಳುಂಟು, ಅವುಗಳಲ್ಲಿ ಬಲಿಷ್ಠವಾದ ಅಮಿಯೋಡರೋನ್ ಥೈರಾಯ್ಡ್, ಯಕೃತ್ತು, ಶ್ವಾಸಕೋಶಗಳನ್ನು ಪೀಡಿಸುವುದೂ ಉಂಟು. ಮೂರನೆಯ ಉಪಾಯವೆಂದರೆ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯ ಶಾಖದಿಂದ ದುಷ್ಟಮಾರ್ಗವನ್ನು ಸುಟ್ಟುಬಿಡುವುದು. ಕುಶಲರ ಕೈಯಲ್ಲಿ ಇದು ಉತ್ತಮವಾದ ಚಿಕಿತ್ಸೆ. ಆದರೆ ಕ್ಯಾಥೆಟರಿನ ಶಾಖವು ಕೆಲವು ಮಿಲಿಮೀಟರುಗಳಿಗಿಂತ ಆಳಕ್ಕೆ ಇಳಿಯುವುದು ಕಷ್ಟ, ಹೃತ್ಕುಕ್ಷಿಯ ಗೋಡೆಯೋ ಅದಕ್ಕಿಂತ ದಪ್ಪ. ದುಷ್ಟಮಾರ್ಗವು ಗೋಡೆಯ ನಡುವಿನಲ್ಲಿ ಹುದುಗಿದ್ದರೆ, ಇಲ್ಲವೆ ಕೃತಕ ಕವಾಟಗಳು ದಾರಿಗೆ ಅಡ್ಡವಾಗಿದ್ದರೆ, ಇಲ್ಲವೆ ಗಂಟೆಗಟ್ಟಲೆ ನಡೆಯುವ ಆ ಕ್ರಿಯೆಯನ್ನು ಸಹಿಸುವ ತ್ರಾಣವೇ ರೋಗಿಯಲ್ಲಿ ಉಳಿದಿರದಿದ್ದರೆ, ವೈದ್ಯನು ಕೈಚೆಲ್ಲಬೇಕಾಗುತ್ತದೆ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದವರ ಪರವಾಗಿಯೇ ಹೊಸ ಪ್ರಶ್ನೆ ಹುಟ್ಟಿತು: ಹೃದಯದೊಳಕ್ಕೆ ಏನನ್ನೂ ತೂರಿಸದೆ, ಹೊರಗಿನಿಂದಲೇ, ಗೋಡೆಯ ಒಳಹೊರಗನ್ನೆಲ್ಲ ಸಮನಾಗಿ ಮುಟ್ಟುವ ಉಪಾಯವಿದೆಯೆ?

ಕ್ಯಾನ್ಸರಿನ ವೈದ್ಯರ ಬಳಿ ಅದು ಇತ್ತು. ತಲೆಬುರುಡೆಯನ್ನು ತೆರೆಯದೆ, ಅನೇಕ ದಿಕ್ಕುಗಳಿಂದ ಬರುವ ಕ್ಷೀಣ ಕಿರಣಗಳು ಮೆದುಳಿನ ಒಂದೇ ಬಿಂದುವಿನಲ್ಲಿ ಕೂಡಿ ಪ್ರಬಲವಾಗುವಂತೆ ಮಾಡಬಹುದೆಂಬ ಕಲ್ಪನೆಯನ್ನು ಸ್ವೀಡನ್ನಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿಯೇ ಮುಂದಿಟ್ಟಿದ್ದನು. ಬೇರೆ ಬೇರೆ ಹಾದಿಗಳಲ್ಲಿ ಬರುವ ಕಿರಣಗಳು ದಾರಿಯಲ್ಲಿನ ಅಂಗಾಂಶಗಳಿಗೆ ಅಲ್ಪಸ್ವಲ್ಪವಾಗಿ ಹಂಚಿಹೋಗಿ, ಸಂಧಿಸುವ ತಾಣದಲ್ಲಿ ಮಾತ್ರ ಪೂರ್ಣಪ್ರಮಾಣವನ್ನು ಸುರಿಯುತ್ತವೆ. ಮುಂದೆ ಗಣಕಯಂತ್ರಗಳೂ ಸೂಕ್ಷ್ಮ ಚಿತ್ರಣವಿಧಾನಗಳೂ ಬೆಳೆದಂತೆ ಈ ಉಪಾಯವು ಮೆದುಳಿನಿಂದ ಶ್ವಾಸಕೋಶ, ಯಕೃತ್ತುಗಳಂಥ ಉಸಿರಿನೊಡನೆ ಚಲಿಸುವ ಅವಯವಗಳಿಗೂ ಇಳಿಯಿತು. ಹೃದಯಕ್ಕೆ ಅದನ್ನು ಮನುಷ್ಯರಲ್ಲಿ ಮೊದಲು ಬಳಸಿದವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು. 2012ರಲ್ಲಿ 71 ವರ್ಷದ ರೋಗಿಯೊಬ್ಬನಿಗೆ ಸೈಬರ್‌ನೈಫ್ ಎಂಬ ಯಂತ್ರದಿಂದ ನಡೆಸಿದ ಆ ಚಿಕಿತ್ಸೆಯ ವರದಿ 2015ರಲ್ಲಿ ಪ್ರಕಟವಾಯಿತು. ಜೆಕ್ ದೇಶದ ಓಸ್ಟ್ರಾವದಲ್ಲಿಯೂ ಅಂಥದೇ ಪ್ರಯತ್ನ ನಡೆದಿತ್ತು.

ಆದರೆ ವೈದ್ಯಲೋಕದ ಗಮನವನ್ನು ಸೆಳೆದದ್ದು ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೃದಯತಜ್ಞ ಫಿಲಿಪ್ ಕುಕುಲಿಚ್ ಮತ್ತು ವಿಕಿರಣತಜ್ಞ ಕ್ಲಿಫರ್ಡ್ ರಾಬಿನ್ಸನ್ ಕೂಡಿ ನಡೆಸಿದ ಕೆಲಸ. ಗುರಿಯೆಲ್ಲಿದೆಯೆಂಬುದನ್ನು ರಾಬಿನ್ಸನ್ ಅರಿಯನು. ಕ್ಯಾಥೆಟರನ್ನು ತೂರಿಸದೆ ಅಲ್ಲಿಗೆ ತಲಪುವ ಸಾಧನ ಕುಕುಲಿಚ್‌ನಲ್ಲಿಲ್ಲ. ಒಬ್ಬನ ಕೊರತೆಯನ್ನು ಇನ್ನೊಬ್ಬನ ವಿದ್ಯೆ ತುಂಬಿದುದೇ ಈ ಚಿಕಿತ್ಸೆಯ ಜೀವಾಳವೆಂದು ನನಗೆ ತೋರುತ್ತದೆ. ಅವರಿಬ್ಬರ ನಡುವೆ ಸೇತುವೆಯಾದುದು ಅದೇ ವಿಶ್ವವಿದ್ಯಾಲಯದ ಯೋರಾಮ್ ರೂಡಿ ಅನೇಕ ವರ್ಷಗಳ ಸಂಶೋಧನೆಯಿಂದ ರೂಪಿಸಿದ್ದ ಒಂದು ಗಣಿತವಿಧಾನ. ಸಾಮಾನ್ಯ ಇ.ಸಿ.ಜಿ.ಯಲ್ಲಿ ಶರೀರಕ್ಕೆ ಹತ್ತು ತಂತಿಗಳನ್ನು ಅಂಟಿಸುತ್ತಾರಷ್ಟೆ. ಇಲ್ಲಿ ಸುಮಾರು 250 ವಿದ್ಯುದ್ವಾರಗಳುಳ್ಳ ಒಂದು ಅಂಗಿಯನ್ನು ರೋಗಿಗೆ ತೊಡಿಸಿ, ಅವನಲ್ಲಿ ಮೊದಲೇ ಇರುವ ಐ.ಸಿ.ಡಿ. ಯಂತ್ರದಿಂದಲೇ ವಿ.ಟಿ.ಯನ್ನು ಅಲ್ಪಕಾಲ ಎಬ್ಬಿಸಿ, ಚರ್ಮದ ಮೇಲೆ ದೊರೆಯುವ ವಿದ್ಯುತ್ತಿನ ಅಳತೆಗಳಿಂದ ಹೃದಯದ ಮೇಲ್ಮೈಯಲ್ಲಿ ಆ ಸ್ಪಂದವು ಎಲ್ಲಿಂದ ಹೊರಬೀಳುತ್ತಿದೆಯೆಂಬುದನ್ನು ಲೆಕ್ಕದಿಂದ ಕಂಡುಹಿಡಿಯುತ್ತಾರೆ. ಆ ನಕ್ಷೆಯನ್ನು ಗಾಯದ ಕಲೆಯ ಚಿತ್ರಗಳೊಡನೆ ಹೊಂದಿಸಿದಾಗ ಗುರಿ ಸ್ಪಷ್ಟವಾಗುತ್ತದೆ.

ಹೃದಯವು ತಾನೂ ಮಿಡಿಯುತ್ತ ಉಸಿರಿನೊಡನೆ ಏರಿಳಿಯುತ್ತಲೂ ಇರುವುದರಿಂದ, ಉಸಿರಾಟದ ಎಲ್ಲ ಹಂತಗಳಲ್ಲಿಯೂ ಸ್ಕ್ಯಾನ್ ತೆಗೆದು, ಗುರಿಯು ಚಲಿಸುವಷ್ಟು ಎಡೆಯನ್ನೆಲ್ಲ ಒಳಗೊಳ್ಳುವಂತೆ ಕಿರಣದ ವ್ಯಾಪ್ತಿಯನ್ನು ನಿಗದಿಮಾಡುತ್ತಾರೆ. ಬೇರೆ ಕೆಲವು ಕೇಂದ್ರಗಳಲ್ಲಿ ಹೃದಯದೊಳಗಿರುವ ಐ.ಸಿ.ಡಿ. ತಂತಿಯ ತುದಿಯನ್ನೇ ಗುರುತಾಗಿ ಇಟ್ಟುಕೊಂಡು ಯಂತ್ರವು ಅದನ್ನು ಹಿಂಬಾಲಿಸುವಂತೆ ಮಾಡುವುದೂ ಉಂಟು. ಜಠರ, ಅನ್ನನಾಳ, ಶ್ವಾಸಕೋಶಗಳಿಗೆ ತಗಲುವ ಪ್ರಮಾಣವನ್ನು ಮಿತಿಯೊಳಗಿರಿಸಲು ಭೌತವಿಜ್ಞಾನಿಗಳು ದಿನಗಟ್ಟಲೆ ಲೆಕ್ಕಹಾಕಬೇಕು. ಇಷ್ಟೆಲ್ಲ ಸಿದ್ಧತೆಯ ತರುವಾಯ ನಡೆಯುವ ಚಿಕಿತ್ಸೆಯಾದರೋ ಅತಿ ಸರಳ. ರೋಗಿಯು ಅರಿವಳಿಕೆಯಿಲ್ಲದೆ, ಎಚ್ಚರವಾಗಿಯೇ, ತನ್ನ ಮೈಯಾಕಾರಕ್ಕೆ ಹೊಂದಿಸಿದ ಮೆತ್ತೆಯ ಮೇಲೆ ಮಲಗುತ್ತಾನೆ. ಕ್ಯಾನ್ಸರಿಗೆ ಬಳಸುವ ಲೀನಿಯರ್ ಆಕ್ಸಿಲರೇಟರ್ ಯಂತ್ರವೇ ಅವನ ಸುತ್ತ ತಿರುಗುತ್ತದೆ. ಕಾಲು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಸೂಜಿಯ ಮೊನೆಯೂ ಮೈಗೆ ತಾಕುವುದಿಲ್ಲ.

2015ರಲ್ಲಿ ಹೀಗೆ ಚಿಕಿತ್ಸೆ ಪಡೆದ ಐವರು ರೋಗಿಗಳ ವೃತ್ತಾಂತವು 2017ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದಾಗ ಓದಿದವರು ಬೆರಗಾದರು. ಚಿಕಿತ್ಸೆಗೆ ಮುಂಚಿನ ಮೂರು ತಿಂಗಳಲ್ಲಿ ಆ ಐವರಿಗೆ ಒಟ್ಟು 6,577 ಸಲ ವಿ.ಟಿ. ಎರಗಿತ್ತು, ಎಂದರೆ ಒಬ್ಬೊಬ್ಬನಿಗೆ ಸರಾಸರಿ ದಿನಕ್ಕೆ ಹದಿನಾಲ್ಕಕ್ಕೂ ಹೆಚ್ಚು ಸಲ. ಚಿಕಿತ್ಸೆಯ ನಂತರದ ಆರು ವಾರಗಳಲ್ಲಿ ಅದು 680ಕ್ಕೆ ಇಳಿಯಿತು. ಅದಾದಮೇಲೆ, ರೋಗಿಗಳ ಕಾಲವನ್ನೆಲ್ಲ ಕೂಡಿಸಿ ದೊರೆಯುವ 46 ತಿಂಗಳ ಅವಧಿಯಲ್ಲಿ, ಕೇವಲ ನಾಲ್ಕು ಸಲ. ಆ ಐವರಲ್ಲಿ 83 ವರ್ಷದ ವೃದ್ಧರೊಬ್ಬರು ಚಿಕಿತ್ಸೆಯಾದ ಮೂರು ವಾರಗಳಿಗೆ ಪಾರ್ಶ್ವವಾಯುವಿನಿಂದ ತೀರಿಕೊಂಡರೆಂಬುದನ್ನೂ ವರದಿಯು ಮುಚ್ಚಿಡಲಿಲ್ಲ. ಮುಂದೆ 19 ರೋಗಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ, ಲೆಕ್ಕಕ್ಕೆ ಸಿಕ್ಕ 18 ಮಂದಿಯಲ್ಲಿ 17 ಮಂದಿಗೆ ರೋಗದ ಉಪಟಳ ತಗ್ಗಿತು; ಎರಡೆರಡು ಔಷಧಗಳನ್ನು ಏಕಕಾಲಕ್ಕೆ ನುಂಗಬೇಕಾಗಿದ್ದವರ ಪ್ರಮಾಣ ಶೇಕಡಾ 59ರಿಂದ 12ಕ್ಕೆ ಇಳಿಯಿತು. ಒಂದು ವರ್ಷದ ತರುವಾಯ ಬದುಕಿದ್ದವರು ಶೇಕಡಾ 72. ಈ ಕೊನೆಯ ಸಂಖ್ಯೆಯನ್ನು ಓದುವಾಗ, ಇವರೆಲ್ಲ ಬೇರಾವ ಚಿಕಿತ್ಸೆಗೂ ಬಗ್ಗದ ರೋಗವುಳ್ಳವರು, ಬಹುಮಟ್ಟಿಗೆ ಹೃದಯವೇ ಸೋತುಹೋದವರು ಎಂಬುದನ್ನು ನೆನೆಯಬೇಕು.

ಇಲ್ಲಿಂದ ಮುಂದಿನ ಕಥೆಯೇ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು. ಕ್ಯಾಥೆಟರ್ ಸುಡುವಂತೆಯೇ ವಿಕಿರಣವೂ ದುಷ್ಟಮಾರ್ಗದ ಕೋಶಗಳನ್ನು ಕೊಂದು, ಅಲ್ಲಿ ಹೊಸ ನಾರನ್ನು ಬೆಳೆಸಿ, ವಿದ್ಯುತ್ತಿನ ಹಾದಿಯನ್ನು ಕಡಿದುಹಾಕುತ್ತದೆಂಬ ನಂಬಿಕೆಯಿಂದಲೇ ಈ ಚಿಕಿತ್ಸೆ ಆರಂಭವಾಯಿತು. ಆದರೆ ವಿಕಿರಣವು ಸುಡುವುದಿಲ್ಲ. 25 ಗ್ರೇ ಎಂದರೆ ಒಂದು ಕಿಲೋಗ್ರಾಂ ಅಂಗಾಂಶಕ್ಕೆ 25 ಜೂಲ್ ಶಕ್ತಿ. ಅಷ್ಟು ಶಕ್ತಿಯಿಂದ ಅಂಗಾಂಶದ ಉಷ್ಣತೆ ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟೂ ಏರದು. ವಿಕಿರಣದ ಪ್ರಭಾವವೆಲ್ಲ ಕೋಶದ ಒಳಗಿನ ಅಣುಗಳ ಮೇಲೆ. ಅದರಿಂದ ನಾರು ಬೆಳೆಯುವುದಾದರೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತದೆ. ರೋಗಿಗಳಾದರೋ ದಿನಗಳಲ್ಲಿ, ವಾರಗಳಲ್ಲಿ ಗುಣಹೊಂದುತ್ತಿದ್ದರು. ನಾರು ಬೆಳೆಯುವ ಮುಂಚೆಯೇ ರೋಗವನ್ನು ಅಡಗಿಸಿದುದು ಯಾವುದು?

ಅದೇ ವಿಶ್ವವಿದ್ಯಾಲಯದ ಸ್ಟೇಸಿ ರೆಂಟ್ಶ್ಲರ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಬೆನ್ನಟ್ಟಿದರು. ಚಿಕಿತ್ಸೆ ಪಡೆದಿದ್ದ ರೋಗಿಗಳ ಹೃದಯಗಳನ್ನೇ ಪರೀಕ್ಷಿಸಿ ನೋಡಿದಾಗ, ಗೋಡೆಯ ಆದ್ಯಂತವಾಗಿ ಹೊಸ ನಾರು ಬೆಳೆದಿರಬೇಕೆಂಬ ಊಹೆ ಸುಳ್ಳಾಯಿತು. ಇಲಿಗಳ ಹೃದಯಕ್ಕೆ ವಿಕಿರಣವನ್ನು ಹಾಯಿಸಿ ಪರೀಕ್ಷಿಸಿದಾಗ ಕಂಡುದು ಊಹೆಗೆ ನೇರ ವಿರುದ್ಧ: ಅಲ್ಲಿ ವಿದ್ಯುತ್ತು ನಿಲ್ಲುವುದರ ಬದಲು ಮೊದಲಿಗಿಂತ ವೇಗವಾಗಿ ಹರಿಯುತ್ತಿತ್ತು. ವಿದ್ಯುತ್ಸ್ಪಂದವನ್ನು ಮುಂದೊತ್ತುವ ಸೋಡಿಯಂ ದ್ವಾರಗಳ ಪ್ರೋಟೀನೂ, ಕೋಶಕ್ಕೂ ಕೋಶಕ್ಕೂ ನಂಟನ್ನು ಬೆಸೆಯುವ ಪ್ರೋಟೀನೂ ಹೆಚ್ಚಿದ್ದವು. ನಾಚ್ ಎಂಬ ಹೆಸರಿನ, ಭ್ರೂಣಾವಸ್ಥೆಯಲ್ಲಿ ಹೃದಯವನ್ನು ಕಟ್ಟುವ ಕಾಲದಲ್ಲಿ ಚುರುಕಾಗಿದ್ದು ಆಮೇಲೆ ನಿದ್ರಿಸುವ ಒಂದು ಸಂಕೇತವ್ಯವಸ್ಥೆಯು ವಿಕಿರಣದಿಂದ ಪುನಃ ಎಚ್ಚೆತ್ತಿತ್ತು. 2021ರಲ್ಲಿ ಪ್ರಕಟವಾದ ಈ ಸಂಶೋಧನೆಯ ಪ್ರಕಾರ, ತೆವಳುತ್ತಿದ್ದ ಸ್ಪಂದವು ಚುರುಕಾಗಿ ಹರಿಯತೊಡಗಿದರೆ, ಅದು ಹೊರಬೀಳುವ ಹೊತ್ತಿಗೆ ನೆರೆಯ ಸ್ನಾಯುವಿಗೆ ಇನ್ನೂ ವಿಶ್ರಾಂತಿ ಮುಗಿದಿರುವುದಿಲ್ಲವಾದ್ದರಿಂದ, ಪ್ರದಕ್ಷಿಣೆಯು ಮುಂದುವರಿಯದೆ ಅಲ್ಲಿಗೇ ನಿಲ್ಲುತ್ತದೆ. ಮನುಷ್ಯರಲ್ಲಿಯೂ ಇದಕ್ಕೆ ಒಂದಿಷ್ಟು ಆಧಾರವುಂಟು: ಚಿಕಿತ್ಸೆ ಪಡೆದ ಅನೇಕರ ಇ.ಸಿ.ಜಿ.ಯಲ್ಲಿ ಹೃತ್ಕುಕ್ಷಿಗಳಲ್ಲಿ ವಿದ್ಯುತ್ತು ಹರಡುವ ಅವಧಿ ಚಿಕಿತ್ಸೆಯ ಬಳಿಕ ಮೊಟಕಾಗಿತ್ತು. ಕೆಲವರಲ್ಲಿ ಮಾತ್ರ ಅದು ದೀರ್ಘವಾಗಿತ್ತು.

ಕೊಲ್ಲಲು ಹೊರಟ ಶಸ್ತ್ರವು ಚೇತನಗೊಳಿಸಿತೆಂಬ ಈ ಸಂಗತಿಯಿಂದ ವ್ಯವಹಾರದಲ್ಲಿ ದೊಡ್ಡ ಪ್ರಶ್ನೆಯೊಂದು ಏಳುತ್ತದೆ. ಕೋಶಗಳನ್ನು ಕೊಲ್ಲುವುದೇ ಉದ್ದೇಶವಾದರೆ ಪ್ರಮಾಣವು ದೊಡ್ಡದಾಗಿರಬೇಕು. ಅವುಗಳನ್ನು ಎಚ್ಚರಿಸುವುದಷ್ಟೇ ಸಾಕಾದರೆ 25 ಗ್ರೇಗಿಂತ ಕಡಮೆಯೇ ಸಾಲಬಹುದಲ್ಲವೆ? ಪ್ರಮಾಣ ಇಳಿದಷ್ಟೂ ಅಪಾಯವೂ ಇಳಿಯುವುದರಿಂದ, ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ಬಹಳ ಮಂದಿಯ ಹಿತ ನಿಂತಿದೆ.

ಏಕೆಂದರೆ ಅಪಾಯ ಇಲ್ಲವೆಂದಲ್ಲ. ಶ್ವಾಸಕೋಶದ ಉರಿಯೂತ, ಹೃದಯಾವರಣದ ಉರಿಯೂತ, ಅದರಲ್ಲಿ ನೀರು ಸೇರುವುದು, ಇವೆಲ್ಲ ವರದಿಯಾಗಿವೆ. ಚಿಕಿತ್ಸೆಯಾದ ಎರಡು ವರ್ಷಗಳಿಗೂ ಮೇಲ್ಪಟ್ಟು ರೋಗಿಯೊಬ್ಬರ ಜಠರಕ್ಕೂ ಹೃದಯಾವರಣಕ್ಕೂ ನಡುವೆ ರಂಧ್ರವುಂಟಾಗಿ ಶಸ್ತ್ರಚಿಕಿತ್ಸೆ ಬೇಕಾದ ಪ್ರಸಂಗವೂ ಇದೆ. ಕೆಲವರಲ್ಲಿ ವಿ.ಟಿ. ಮರುಕಳಿಸಿದೆ. ಹೃದಯಕ್ಕೆ ತಗಲಿದ ವಿಕಿರಣದ ಫಲವು ಹತ್ತು ಹದಿನೈದು ವರ್ಷಗಳಾದಮೇಲೆ ಪ್ರಕಟವಾಗುವುದನ್ನು ಕ್ಯಾನ್ಸರಿನ ವೈದ್ಯರು ಕಂಡಿರುವರಷ್ಟೆ. ಅಷ್ಟು ಕಾಲ ಈ ಹೊಸ ಚಿಕಿತ್ಸೆಯ ಆರಂಭಕ್ಕೇ ಇನ್ನೂ ಚೆನ್ನಾಗಿ ಸಂದಿಲ್ಲ. ಬೇರೆ ಗತಿಯಿಲ್ಲದ ವೃದ್ಧರೋಗಿಗೆ ಈ ವಿಳಂಬಿತ ಭಯವು ಗೌಣವಾಗಬಹುದು. ಆದರೆ ಐವತ್ತರ ಒಳಗಿನ ರೋಗಿಗೆ, ಕ್ಯಾಥೆಟರ್ ಚಿಕಿತ್ಸೆಯನ್ನು ಇನ್ನೂ ಒಮ್ಮೆಯೂ ಪ್ರಯತ್ನಿಸದವನಿಗೆ, ಕಾಲು ಗಂಟೆಯ ಸುಲಭವಾದ ಉಪಾಯವೆಂದು ಇದನ್ನೇ ಮೊದಲಿಗೆ ಕೊಡಹೊರಡುವುದು ನನಗೆ ಯುಕ್ತವಾಗಿ ಕಾಣುವುದಿಲ್ಲ. ನೋವಿಲ್ಲದಿರುವಿಕೆಯೇ ನಿರಪಾಯತೆಯ ಸಾಕ್ಷಿಯಾಗಲಾರದು.

ಆದುದರಿಂದಲೇ ಈಗ ನಡೆಯುತ್ತಿರುವ ಪರೀಕ್ಷೆಗಳು ಮುಖ್ಯವಾಗಿವೆ. ಯೂರೋಪಿನ ಅನೇಕ ದೇಶಗಳ ಆಸ್ಪತ್ರೆಗಳು ಸ್ಟಾಪ್‌ಸ್ಟಾರ್ಮ್ ಎಂಬ ಕೂಟವನ್ನು 2021ರಲ್ಲಿ ಕಟ್ಟಿಕೊಂಡು, ತಾವು ಚಿಕಿತ್ಸೆಮಾಡಿದ ರೋಗಿಗಳ ವಿವರಗಳನ್ನು ಒಂದೆಡೆ ಕಲೆಹಾಕುತ್ತಿವೆ. ಒಬ್ಬ ವೈದ್ಯನು ಹೃದಯದ ಚಿತ್ರದಲ್ಲಿ ಬರೆದ ಗುರಿಯ ಗೆರೆಯೂ ಇನ್ನೊಬ್ಬನು ಬರೆದ ಗೆರೆಯೂ ಒಂದೇ ಆಗಿರುವಂತೆ ಮಾಡುವುದು ಆ ಕೂಟದ ಕೆಲಸಗಳಲ್ಲೊಂದು. ಕೇಳಲು ಚಿಕ್ಕದಾಗಿ ತೋರಿದರೂ, ಗೆರೆಯು ಒಂದು ಸೆಂಟಿಮೀಟರು ಸರಿದರೆ ಕಿರಣವು ಆರೋಗ್ಯವಂತ ಸ್ನಾಯುವಿನ ಮೇಲೋ ಜಠರದ ಮೇಲೋ ಬಿದ್ದೀತು. ಅಮೆರಿಕದಲ್ಲಿ ಆರಂಭವಾದ ರೇಡಿಯೇಟ್-ವಿ.ಟಿ. ಎಂಬ ಪರೀಕ್ಷೆಯಲ್ಲಿ, ಒಮ್ಮೆ ಕ್ಯಾಥೆಟರ್ ಚಿಕಿತ್ಸೆಯಾಗಿಯೂ ರೋಗ ಮರುಕಳಿಸಿದವರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ಹಂಚಿ, ಒಂದು ಪಂಗಡಕ್ಕೆ ಪುನಃ ಕ್ಯಾಥೆಟರಿನಿಂದಲೂ ಮತ್ತೊಂದಕ್ಕೆ ವಿಕಿರಣದಿಂದಲೂ ಚಿಕಿತ್ಸೆಮಾಡಿ ಹೋಲಿಸಿನೋಡುತ್ತಾರೆ.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಈ ಚಿಕಿತ್ಸೆಗೆ ಬೇಕಾದ ಎರಡು ವಿದ್ಯೆಗಳೂ ನಮಗೆ ಹೊಸವಲ್ಲ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯೂ ಕಿದ್ವಾಯಿ ಗಂಥಿ ಸಂಸ್ಥೆಯೂ ಒಂದಕ್ಕೊಂದು ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಒಂದರಲ್ಲಿ ಹೃದಯದ ಲಯವನ್ನು ಬಲ್ಲವರು, ಇನ್ನೊಂದರಲ್ಲಿ ಲೀನಿಯರ್ ಆಕ್ಸಿಲರೇಟರಿನ ಮುಂದೆ ದಿನಗಳೆಯುವವರು. ಸೇಂಟ್ ಲೂಯಿಸಿನ ಅನುಭವದಿಂದ ತಿಳಿಯುವಂತೆ, ಯಂತ್ರವನ್ನು ಕೊಂಡು ತರುವುದಕ್ಕಿಂತ ಕಷ್ಟವಾದುದು ಇಂಥ ಇಬ್ಬರು ಒಂದೇ ಮೇಜಿನ ಮುಂದೆ ಕುಳಿತು ಒಂದೇ ಚಿತ್ರದ ಮೇಲೆ ಒಂದೇ ಗೆರೆಯನ್ನು ಎಳೆಯಲು ಕಲಿಯುವುದು. ಅದಕ್ಕೆ ಬೇಕಾದ ಅಭ್ಯಾಸವನ್ನು, ಆ ಪರೀಕ್ಷೆಗಳ ಫಲ ಹೊರಬರುವವರೆಗೆ ಕಾಯದೆ, ಈಗಲೇ ಆರಂಭಿಸುವುದಕ್ಕೆ ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.